ರುಜು ಹಾಕುವ ಮುಂಚೆ ಒಂದು ಸುತ್ತು

ಹೊಸ ಮನೆಗಾಡಿ ಕೊಳ್ಳುವವರಿಗೆ ನಾನು ಹೇಳುವುದು ಒಂದೇ ಮಾತು. ಬೀಗದ ಕೈ ಇಸಿದುಕೊಳ್ಳುವ ದಿನ ಡೀಲರ್‌ಗೆ ತಿಂಡಿ ಮಾಡಿಕೊಂಡು ಹೋಗಬೇಡಿ. ನಮ್ಮ ಕೈತಿಂಡಿ ತಿನ್ನುತ್ತಿರುವವನ ಮುಖ ನೋಡಿಕೊಂಡು ಅವನ ಗಾಡಿಯ ಹುಳುಕು ಎತ್ತಿ ಆಡುವುದು ನಮ್ಮ ಮಿನಿಸೋಟಾದವರಿಂದ ಆಗದ ಕೆಲಸ. ನನ್ನ ತಂಗಿ ಮಾರ್ಲಿಸ್‌ಗೆ ಇದನ್ನು ನಾಲ್ಕು ಸಲ ಹೇಳಿದ್ದೆ. ಆದರೂ ಆ ಶುಕ್ರವಾರ ಬೆಳಿಗ್ಗೆ ಅವಳು ನನ್ನ ಪಿಕಪ್ ಹತ್ತಿದಾಗ ತೊಡೆಯ ಮೇಲೆ ಅಗಲವಾದ ತಟ್ಟೆ ಇತ್ತು. ರುಬಾರ್ಬ್ ಅನ್ನುವ ಹುಳಿ ದಂಟು ಹಾಕಿ ಬೇಯಿಸಿದ ಸಿಹಿ ಚೌಕಗಳು, ಎಣಿಸಿ ಇಪ್ಪತ್ನಾಲ್ಕು.

"ಬರಿಗೈಲಿ ಹೋಗೋಕಾಗುತ್ತೇನೋ ಆರ್ವಿಡ್?" ಅಂದಳು.

ಮಾರ್ಲಿಸ್‌ಗೆ ಎಪ್ಪತ್ತೊಂದು. ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ ಓಡಿಸಿದವಳು. ಹದಿನಾಲ್ಕನೇ ನಂಬರಿನ ಬಸ್, ನಲವತ್ತೆರಡು ಮಕ್ಕಳು. ಹಿಮ ಸುರಿಯುವ ಜನವರಿಯಲ್ಲೂ ಒಂದು ಕನ್ನಡಿಗೆ ಗೀರು ಮಾಡಿದವಳಲ್ಲ. ಗಂಡ ಹೋಗಿ ಆರು ವರ್ಷವಾಯಿತು. ಈ ವರ್ಷ ಮನೆ ಮಾರಿ, ಇಪ್ಪತ್ತೇಳು ಅಡಿಯ ಮನೆಗಾಡಿ ಗೊತ್ತುಮಾಡಿದಳು. ಪಿಕಪ್ಪಿಗೆ ಕಟ್ಟಿ ಎಳೆಯುವ ಜಾತಿಯದಲ್ಲ. ಮುಂದೆ ಡ್ರೈವರ್ ಸೀಟು, ಬೆನ್ನಿಗೆ ಅಡುಗೆಮನೆ, ಅದರಾಚೆ ಹಾಸಿಗೆ. ಡ್ರೈವರ್ ತಲೆಯ ಮೇಲೆ ಟೊಪ್ಪಿಯ ಹಾಗೆ ಮುಂದಕ್ಕೆ ಚಾಚಿಕೊಂಡ ಇನ್ನೊಂದು ಅಟ್ಟದ ಹಾಸಿಗೆ. ಬೇಸಿಗೆಯಲ್ಲಿ ಇಲ್ಲಿನ ಕೆರೆಗಳ ದಡ, ಚಳಿಗೆ ಟೆಕ್ಸಾಸ್, ಇದು ಅವಳ ಲೆಕ್ಕಾಚಾರ.

ಅವಳ ಹಳೆಯ ಮನೆ ಅದೇ ಶುಕ್ರವಾರ ಸಂಜೆ ಐದಕ್ಕೆ ಹೊಸಬರ ಕೈಗೆ ಹೋಗಬೇಕಿತ್ತು. ಅಂದರೆ ಐದು ಗಂಟೆಯ ಮೇಲೆ ಮಾರ್ಲಿಸ್‌ಗೆ ತಲೆಯ ಮೇಲಿನ ಸೂರು ಅಂತ ಇದ್ದದ್ದು ಈ ಗಾಡಿ. ಇದು ಕೈಕೊಟ್ಟರೆ ನನ್ನ ನೆಲಮಾಳಿಗೆ.

ನನ್ನ ನೆಲಮಾಳಿಗೆಯ ಬಗ್ಗೆ ಒಂದು ಮಾತು. ನಾನು ಮದುವೆ ಆಗದವನು, ವಯಸ್ಸು ಎಪ್ಪತ್ತೇಳು. ಅಲ್ಲಿ ಹಿಮ ತಳ್ಳುವ ಯಂತ್ರಗಳ ಒಂಬತ್ತು ಎಂಜಿನ್ ಇವೆ, ಹಲಗೆಗೆ ಹೊಡೆದು ಗೋಡೆಗೆ ಹಾಕಿದ ಮೀನುಗಳಿವೆ, ನನಗೆ ಬೇಕಾದದ್ದು ಬೇಕಾದ ಕಡೆ ಬಿದ್ದಿರುತ್ತದೆ. ಹಿಂದೊಮ್ಮೆ ತನ್ನ ಮನೆಗೆ ಬಣ್ಣ ಹೊಡೆಸುವಾಗ ಮಾರ್ಲಿಸ್ ನಾಲ್ಕು ದಿನ ಅಲ್ಲಿದ್ದಳು. ನನ್ನ ಎಂಜಿನ್‌ಗಳನ್ನೆಲ್ಲ ಗಿಡ್ಡದರಿಂದ ಎತ್ತರದ ತನಕ ಸಾಲಾಗಿ ನಿಲ್ಲಿಸಿದಳು, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಮೀನುಗಳ ಹಲ್ಲು ಉಜ್ಜಿದಳು. ಐದನೇ ದಿನ ಇದ್ದಿದ್ದರೆ ನಮ್ಮಿಬ್ಬರಲ್ಲಿ ಒಬ್ಬರ ಫೋಟೋ ಪೇಪರಿನ ನಿಧನವಾರ್ತೆಯ ಪುಟದಲ್ಲಿ ಬರುತ್ತಿತ್ತು. ಇದು ಅವಳಿಗೂ ಗೊತ್ತು.

ಈಗ ರುಜುವಿನ ವಿಷಯಕ್ಕೆ ಬರುತ್ತೇನೆ. 'ನೋಡಿದ್ದೇನೆ, ಒಪ್ಪಿದ್ದೇನೆ' ಅಂತ ಒಂದು ಹಾಳೆ ಇರುತ್ತದೆ. ಅದಕ್ಕೆ ರುಜು ಬೀಳುವ ತನಕ ಗಾಡಿ ಅವರದು, ಗಾಡಿಯ ತಪ್ಪೂ ಅವರದು. ರುಜು ಬಿದ್ದು ಗೇಟು ದಾಟಿದಿರೋ, ಗಾಡಿ ನಿಮ್ಮದು, ಒಂದು ತಿರುಪು ಸಡಿಲವಾದರೂ ರಿಪೇರಿ ಸಾಲಿನಲ್ಲಿ ಎಲ್ಲರ ಹಿಂದೆ ನಿಲ್ಲಬೇಕು. ಆ ಬೇಸಿಗೆಯಲ್ಲಿ ಆ ಡೀಲರ್‌ನ ಸಾಲು ಹನ್ನೊಂದು ವಾರದ್ದು ಅಂತ ಫೋನು ಮಾಡಿ ತಿಳಿದುಕೊಂಡಿದ್ದೆ. ಹನ್ನೊಂದು ವಾರ ಮಾರ್ಲಿಸ್, ನಾನು, ಒಂಬತ್ತು ಎಂಜಿನ್.

ನಾನು ಮೂರು ಮನೆಗಾಡಿ ಕಂಡವನು. ಮೊದಲನೆಯದಕ್ಕೆ ನೀರು ಬಿಟ್ಟು ನೋಡದೆ ರುಜು ಹಾಕಿದ್ದೆ. ಕಾರ್ಖಾನೆಯಲ್ಲಿ ಯಾವನೋ ಪುಣ್ಯಾತ್ಮ ಬಿಸಿನೀರಿನ ಪೈಪನ್ನು ಕಕ್ಕಸಿಗೆ ಜೋಡಿಸಿದ್ದ. ಎರಡು ಚಳಿಗಾಲ ನನ್ನ ಸ್ನಾನ ತಣ್ಣೀರಲ್ಲಿ, ಕಕ್ಕಸಿನಲ್ಲಿ ಮಾತ್ರ ಹಬೆ. ಆ ಅನುಭವವನ್ನೆಲ್ಲ ಅರೆದು ನಾಲ್ಕು ಪುಟದ ಪಟ್ಟಿ ಮಾಡಿದ್ದೆ. ನೋಡಬೇಕಾದ್ದು ಅರವತ್ತೊಂದು, ಪ್ರತಿಯೊಂದರ ಮುಂದೆ ಟಿಕ್ ಹಾಕಲು ಒಂದು ಪುಟ್ಟ ಚೌಕ. ಮಾರ್ಲಿಸ್ ಪಟ್ಟಿ ಓದಿ ಮಡಚಿ ನನಗೇ ವಾಪಸು ಕೊಟ್ಟಳು.

"ನೋಡೋದು ನಿಂದು, ಟಿಕ್ ಹಾಕೋದು ನಿಂದು. ಮಾತು ನಂದು. ನೀನು ಬಾಯಿ ಬಿಟ್ರೆ ಪಿಕಪ್ಪಲ್ಲಿ ಹೋಗಿ ಕೂರ್ತೀಯ."

ಕಳೆದ ಗಾಡಿ ಕೊಳ್ಳುವಾಗ ನಾನು ಡೀಲರ್‌ನ ಕೌಂಟರಿನ ಮೇಲೆ ಕೆಟ್ಟ ನಲ್ಲಿಯನ್ನು ಬಿಚ್ಚಿ ತಂದು ಇಟ್ಟಿದ್ದೆ. ನೀರು ನಿಲ್ಲಿಸದೆ. ಅದನ್ನು ಅವಳು ಇನ್ನೂ ಮರೆತಿಲ್ಲ. ಸರಿ ಅಂದೆ. ಮಾತು ನಂದು ಅಂದಳಲ್ಲ, ಅವಳ ಪ್ರಕಾರ ಮಾತು ಅಂದರೆ ಥ್ಯಾಂಕ್ಸ್ ಹೇಳುವುದು.

ಹೆದ್ದಾರಿ ಪಕ್ಕ ಡೀಲರ್‌ನ ಅಂಗಳ. ಮನೆಯ ಅಂಗಳದಷ್ಟು ದೊಡ್ಡ ಬಾವುಟ ಮೇಲೆ ಪಟಪಟ ಅನ್ನುತ್ತಿತ್ತು, ಕೆಳಗೆ ಬಿಳಿಯ ಗಾಡಿಗಳು ಮೂಗು ಮುಂದೆ ಮಾಡಿ ಸಾಲಾಗಿ ನಿಂತಿದ್ದವು. ಮಾರಾಟದ ಲೋವೆಲ್ ಎದುರು ಬಂದ. ಅರವತ್ತರ ಆಸುಪಾಸು, ಕೆಂಪು ಮುಖ, ತನ್ನ ಅಂಗಡಿಯಲ್ಲೇ ದಾರಿ ತಪ್ಪಿದವನ ಹಾಗೆ ಎಲ್ಲದಕ್ಕೂ ಕ್ಷಮೆ ಕೇಳುವ ಮನುಷ್ಯ. ಬಂದವನೇ ಬೀಗದ ಕೈ ನನ್ನ ಕೈಯಲ್ಲಿಟ್ಟ. ನಾನು ಹೆಬ್ಬೆರಳಲ್ಲಿ ತಂಗಿಯ ಕಡೆ ತೋರಿಸಿದೆ. ಆಮೇಲೆ ಅವನು ಅವಳ ಕ್ಷಮೆ ಕೇಳಿದ, ನನ್ನ ಕ್ಷಮೆ ಕೇಳಿದ, ಇನ್ನೇನು ಬೀಗದ ಕೈಯ ಕ್ಷಮೆಯನ್ನೂ ಕೇಳುವವನಿದ್ದ. ಮಾರ್ಲಿಸ್ ತಟ್ಟೆ ಮುಂದೆ ಚಾಚಿದಳು. ಅವನ ಕಣ್ಣು ಅರಳಿತು. ನಾನು ಮನಸ್ಸಿನಲ್ಲೇ ಹನ್ನೊಂದು ವಾರ ಎಣಿಸಿದೆ.

ಕಾಫಿ ಬೇಕಾ ಅಂದ. ಬೇಡ ಅಂದಳು. ಈಗಷ್ಟೇ ಇಳಿಸಿದ್ದು ಅಂದ. ಬೇಡ, ಯಾಕೆ ತೊಂದರೆ ಅಂದಳು. ಅರ್ಧ ಲೋಟ ಆದರೂ ಅಂದ. ಹಾಗಾದರೆ ಅರ್ಧ ಲೋಟ ಅಂದಳು. ನಮ್ಮ ಕಡೆ ಕ್ರಮ ಇದು. ಯಾರು ಏನೇ ಕೊಡುತ್ತೇನೆಂದರೂ ಎರಡು ಸಲ ಬೇಡ ಅನ್ನಬೇಕು. ಮೂರನೇ ಸಲವೂ ಕೇಳಿದರೆ ಕೊಡುವ ಮನಸ್ಸಿದೆ ಅಂತ ಅರ್ಥ, ಆಗ ಹೂಂ ಅನ್ನಬಹುದು. ಎರಡಕ್ಕೇ ನಿಲ್ಲಿಸಿದರೆ ಅದು ಬರೀ ಮರ್ಯಾದೆಯ ಮಾತು, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಕಾಫಿ ಕುಡಿಯುತ್ತ ಲೋವೆಲ್ ಇನ್ನೊಂದು ಮಾತು ಎತ್ತಿದ. ಹೊಸ ಗಾಡಿ ಕೊಂಡವರು ಮೊದಲ ರಾತ್ರಿ ಇಲ್ಲೇ ಅಂಗಳದಲ್ಲಿ ಉಳಿಯಬಹುದು, ಕರೆಂಟು ನೀರು ನಮ್ಮದೇ, ಅಂದ. ಮಾರ್ಲಿಸ್ ಬೇಡ ಅಂದಳು, ಕೆರೆಯ ಹತ್ತಿರ ಜಾಗ ಗೊತ್ತುಮಾಡಿದ್ದೇನೆ. ನಿಜವಾಗಲೂ, ಏನೂ ತೊಂದರೆಯಿಲ್ಲ, ಅಂದ. ಅಯ್ಯೋ, ನಿಮಗೆ ಯಾಕೆ ಅಷ್ಟೊಂದು, ಅಂದಳು. ಅವನು ಮೂರನೇ ಸಲ ಕೇಳಲಿಲ್ಲ. ಎರಡನೇ ಚೌಕಕ್ಕೆ ಕೈ ಹಾಕಿದ. ಇದನ್ನು ನೆನಪಿಡಿ.

ಗಾಡಿ ತೋರಿಸಲು ಬಂದ ಮೆಕ್ಯಾನಿಕ್ಕಿನ ಹೆಸರು ಯೆಂಗ್. ಏಷ್ಯಾದಿಂದ ಬಂದು ಸೇಂಟ್ ಪಾಲ್‌ನಲ್ಲಿ ನೆಲೆಸಿದ ಮೋಂಗ್ ಜನರ ಪೈಕಿಯವನು, ನಲವತ್ತರವನು, ಕೈ ನೋಡಿದರೇ ಕೆಲಸ ಬಲ್ಲವನು ಅಂತ ತಿಳಿಯುತ್ತಿತ್ತು. ಅವನೂ ಇಲ್ಲೇ ಹುಟ್ಟಿ ಬೆಳೆದವನಾದ್ದರಿಂದ ನಮಗಿಂತ ಒಂದು ಗುಂಜಿ ಹೆಚ್ಚೇ ಸಂಕೋಚ. ಎರಡು ಗಂಟೆ ತೋರಿಸಿದ. ಇದು ಒಳ್ಳೆಯ ನೀರಿನ ತೊಟ್ಟಿ, ಇದು ಪಾತ್ರೆ ತೊಳೆದ ನೀರಿನದು, ಇದು ಮೂರನೆಯದು, ಇದನ್ನು ಖಾಲಿ ಮಾಡುವಾಗ ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿಕೊಳ್ಳಿ. ಗ್ಯಾಸ್ ಇಲ್ಲಿ, ಬ್ಯಾಟರಿ ಇಲ್ಲಿ. ಗುಂಡಿ ಒತ್ತಿದರೆ ಗೋಡೆಯೇ ಆಚೆ ಸರಿದು ಕೋಣೆ ಅಗಲವಾಗುತ್ತದೆ. ಹೊಸ ಗಾಡಿ ಅಂದರೆ ಇಂಡಿಯಾನಾದ ಕಾರ್ಖಾನೆಯಿಂದ ಇಲ್ಲಿಯ ತನಕ ಭೂಕಂಪದಲ್ಲಿ ಬಂದ ಮನೆ, ಅಲ್ಲಿ ಇಲ್ಲಿ ಸಡಿಲ ಇದ್ದೇ ಇರುತ್ತದೆ. ಇತ್ತು ಕೂಡ.

ಚಮಚದ ಡ್ರಾಯರ್ ಅರ್ಧಕ್ಕೇ ಸಿಕ್ಕಿಕೊಂಡಿತು. ಮಾರ್ಲಿಸ್ ಸೊಂಟದಿಂದ ತಳ್ಳಿ ಮುಚ್ಚಿ, "ಚಮಚ ಕಮ್ಮಿ ಇಟ್ಕೊಂಡ್ರಾಯ್ತು," ಅಂದಳು. ನಲ್ಲಿ ಬಿಟ್ಟಾಗ ನೀರು ಮೊದಲು ಕೆಮ್ಮಿತು, ಆಮೇಲೆ ಅವಳ ಅಂಗಿಯ ಮೇಲೆ ಉಗಿಯಿತು. ಸೆಖೆಗೆ ಒಳ್ಳೆಯದಾಯಿತು ಅಂದಳು. ಗೋಡೆ ಸರಿದಾಗ ಅಂಚಿನ ರಬ್ಬರು ಒಂದು ಕಡೆ ನಾಲಗೆಯಂತೆ ಮಡಚಿಕೊಂಡು ಹೊರಗೆ ಬಂತು. ಅದನ್ನು ಬಹಳ ಹೊತ್ತು ನೋಡಿದಳು. "ಬೇರೆ ಥರ ಇದೆ," ಅಂದಳು. ನಮ್ಮ ಕಡೆ ಯಾರ ಅಡುಗೆಯ ಬಗ್ಗೆಯಾದರೂ ಹೀಗಂದರೆ ಆ ಮನೆಯವರು ಮತ್ತೆ ಆ ಅಡುಗೆ ಮಾಡುವುದಿಲ್ಲ. ಅದಕ್ಕಿಂತ ಗಟ್ಟಿಯಾದ ಬೈಗುಳ ನಮ್ಮಲ್ಲಿಲ್ಲ, 'ಅಷ್ಟೇನೂ ಕೆಟ್ಟದಾಗಿಲ್ಲ' ಅನ್ನುವುದಕ್ಕಿಂತ ದೊಡ್ಡ ಹೊಗಳಿಕೆಯೂ ಇಲ್ಲ. ಯೆಂಗ್‌ಗೆ ಅರ್ಥವಾಯಿತು, ಕಿವಿ ಕೆಂಪಾಯಿತು. ಆದರೆ ಅವಳು ದೂರಲಿಲ್ಲವಲ್ಲ, ಅವನು ಬರೆದುಕೊಳ್ಳುವುದಾದರೂ ಏನನ್ನು? ನಾನು ತುಟಿ ಕಚ್ಚಿಕೊಂಡು ನಿಂತೆ. ನಾಲಗೆ ಸುಮ್ಮನಿರುವುದು ಅಷ್ಟು ನೋಯುತ್ತದೆ ಅಂತ ನನಗೆ ಎಪ್ಪತ್ತೇಳು ವರ್ಷ ಗೊತ್ತಿರಲಿಲ್ಲ.

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ, ಬೇರೆಯವರು ಹೇಳುವುದಕ್ಕಿಂತ ಮುಂಚೆ. ಪಟ್ಟಿಯ ಐವತ್ತೆಂಟನೆಯದು ಡ್ರೈವರ್ ತಲೆಯ ಮೇಲಿನ ಅಟ್ಟ. 'ಹತ್ತಿ, ಮೂಲೆಗಳನ್ನು ಕೈಯಿಂದ ಮುಟ್ಟಿ ನೋಡು' ಅಂತ ನಾನೇ ಬರೆದು ಕೆಳಗೆ ಗೆರೆ ಎಳೆದಿದ್ದೆ. ಏಣಿ ಸಣ್ಣದು, ನನ್ನ ಬಲ ಮಂಡಿ ಹಳೆಯದು, ಊಟದ ಹೊತ್ತು ಮೀರಿತ್ತು, ಎಲ್ಲರೂ ಕೆಳಗೆ ಕಾಯುತ್ತಿದ್ದರು. ಕತ್ತು ಉದ್ದ ಮಾಡಿ ನೋಡಿದೆ. ಹಾಸಿಗೆ ಇತ್ತು. ಟಿಕ್ ಹಾಕಿದೆ.

ಎರಡೂವರೆಗೆ ನಮ್ಮನ್ನು ಆಫೀಸಿಗೆ ಕರೆದರು. ಅಲ್ಲೊಂದು ಪದ್ಧತಿ. ಹೊಸ ಗಾಡಿ ಹೋಗುವಾಗ ಕೆಲಸದವರೆಲ್ಲ ಸುತ್ತ ನಿಲ್ಲುತ್ತಾರೆ, ರುಜು ಬಿದ್ದ ಕೂಡಲೇ ಗೋಡೆಯ ಹಿತ್ತಾಳೆ ಗಂಟೆ ಬಾರಿಸಿ ಚಪ್ಪಾಳೆ ತಟ್ಟುತ್ತಾರೆ. ಮನುಷ್ಯರಷ್ಟೆತ್ತರದ ರಟ್ಟಿನ ಬೀಗದ ಕೈ ಹಿಡಿಸಿ ಫೋಟೋ ತೆಗೆಯುತ್ತಾರೆ. ಗಂಟೆಯ ಹಗ್ಗ ಆಗಲೇ ಕೌಂಟರಿನ ಹೆಂಗಸಿನ ಕೈಯಲ್ಲಿತ್ತು. ಹನ್ನೆರಡು ಜನ ನಗುತ್ತ ನಿಂತಿದ್ದರು. ಮೇಜಿನ ಮೇಲಿನ ತಟ್ಟೆಯಲ್ಲಿ ಒಂದೇ ಚೌಕ ಉಳಿದಿತ್ತು. ಕೊನೆಯ ತುಂಡು ತಿನ್ನುವ ಎದೆಗಾರಿಕೆ ನಮ್ಮಲ್ಲಿ ಯಾರಿಗೂ ಇಲ್ಲ. ಒಬ್ಬ ಬಂದು ಅರ್ಧ ಕತ್ತರಿಸಿ ತಿಂದ, ಇನ್ನೊಬ್ಬಳು ಆ ಅರ್ಧದಲ್ಲಿ ಅರ್ಧ. ಅಷ್ಟು ಜನರ ಎದುರಿಗೆ, ಅವರ ಬಾಯಲ್ಲಿ ಇನ್ನೂ ಅವಳ ರುಬಾರ್ಬ್ ಇರುವಾಗ, ಮಾರ್ಲಿಸ್ ಯಾವ ಬಾಯಲ್ಲಿ ಡ್ರಾಯರ್ ಸಿಕ್ಕಿಕೊಳ್ಳುತ್ತದೆ ಅನ್ನಬೇಕು? ಪೆನ್ನು ತೆಗೆದುಕೊಂಡಳು.

ಹಾಳೆಯ ಮೇಲೆ ಪೆನ್ನು ಇಟ್ಟವಳು ಹಾಗೇ ನಿಂತಳು.

"ಒಂದ್ನಿಮಿಷ," ಅಂದಳು. "ರುಜು ಹಾಕಿದ್ ಕೂಡ್ಲೆ ಗಾಡಿ ಎತ್ಬೇಕಲ್ವಾ. ಎತ್ತೋ ಮುಂಚೆ ನಾನೊಂದು ಸುತ್ತು ಹಾಕ್ಬೇಕು. ಅಭ್ಯಾಸ. ಬೇಜಾರ್ ಮಾಡ್ಕೋಬೇಡಿ."

ಶಾಲೆ ಬಸ್ಸಿನವರ ಸುತ್ತು ನೋಡಿದ್ದೀರೋ ಇಲ್ಲವೋ. ಪ್ರತಿ ಬೆಳಿಗ್ಗೆ ಕೀಲಿ ತಿರುಗಿಸುವ ಮುಂಚೆ ಬಸ್ಸಿನ ಸುತ್ತ ನಡೆಯುತ್ತ, ಕಂಡದ್ದನ್ನು ಕೈಯಿಂದ ಮುಟ್ಟಿ, ಬಾಯಿಬಿಟ್ಟು ಗಟ್ಟಿಯಾಗಿ ಹೇಳಬೇಕು. ಲೈಸೆನ್ಸ್ ಪರೀಕ್ಷೆಯಲ್ಲೇ ಹಾಗೆ ಹೇಳಿಸುತ್ತಾರೆ. ಮನಸ್ಸಿನಲ್ಲಿ ಅಂದುಕೊಂಡರೆ ಲೆಕ್ಕಕ್ಕಿಲ್ಲ. ಮಾರ್ಲಿಸ್ ಮೂವತ್ತೊಂದು ವರ್ಷ ಕತ್ತಲು ಹರಿಯುವ ಮುಂಚೆ ಖಾಲಿ ಅಂಗಳದಲ್ಲಿ ಹೀಗೆ ಒಬ್ಬಳೇ ಮಾತಾಡಿದವಳು. ಈ ಸುತ್ತಿನಲ್ಲಿ ಇದ್ದದ್ದನ್ನು ಇಲ್ಲ ಅನ್ನುವುದಿಲ್ಲ, ಕೆಟ್ಟಿದ್ದನ್ನು ಪರವಾಗಿಲ್ಲ ಅನ್ನುವುದಿಲ್ಲ. ಹಾಗೆ ಅಂದುಬಿಟ್ಟರೆ ನಲವತ್ತೆರಡು ಮಕ್ಕಳ ಗತಿ?

ಹೊರಗೆ ಬಂದು ಮುಂದಿನ ಎಡ ಚಕ್ರದ ಹತ್ತಿರ ನಿಂತಳು. ಬೆನ್ನು ನೆಟ್ಟಗಾಯಿತು. ದನಿಯೇ ಬದಲಾಯಿತು.

"ಟೈರು ಸರಿ ಇದೆ. ನಟ್ಟು ಎಂಟೂ ಇದೆ, ತುಕ್ಕಿಲ್ಲ. ಕನ್ನಡಿ ಗಟ್ಟಿ ಇದೆ. ಬಾಗಿಲು ಸರಿ. ಆಚೆ ಸರಿಯೋ ಗೋಡೆ, ರಬ್ಬರು ಮಡಚಿದೆ, ಕೆಳಗಡೆ ಒಂದು ಗೇಣು. ಮಳೆ ನೀರು ಒಳಗೆ ಹೋಗುತ್ತೆ. ಸರಿಯಿಲ್ಲ."

ಹಿಂದೆಯೇ ಬರುತ್ತಿದ್ದ ಯೆಂಗ್ ಜೇಬಿನಿಂದ ಪುಸ್ತಕ ತೆಗೆದ. ಅವನ ಮುಖದಲ್ಲಿ ಬಂದ ನೆಮ್ಮದಿ ನೋಡಬೇಕಿತ್ತು. ಒಂದೊಂದನ್ನೂ ಬರೆದುಕೊಂಡ. ಉಳಿದವರೂ ಮೆರವಣಿಗೆಯಂತೆ ಹಿಂದೆ ಬಂದರು. ಹಗ್ಗ ಹಿಡಿದ ಹೆಂಗಸು ಮಾತ್ರ ಗಂಟೆ ಬಿಟ್ಟು ಬರಲಾರದೆ ಕಿಟಕಿಯಿಂದ ನೋಡಿದಳು. ಒಳಗೆ ಹೋಗಿ ಮಾರ್ಲಿಸ್ ಅದೇ ದನಿಯಲ್ಲಿ ಹೇಳುತ್ತ ಹೋದಳು. ನಲ್ಲಿ ಉಗಿಯುತ್ತದೆ, ಸರಿಯಿಲ್ಲ. ಡ್ರಾಯರ್ ಹಳಿ ಸೊಟ್ಟಗಿದೆ, ಸರಿಯಿಲ್ಲ. ಒಂದರಲ್ಲೂ ಸಿಟ್ಟಿರಲಿಲ್ಲ, ದೂರಿರಲಿಲ್ಲ. ಪಂಚಾಂಗ ಓದುವವರಿಗೆ ಅಮಾವಾಸ್ಯೆಯ ಮೇಲೆ ಸಿಟ್ಟಿರುತ್ತದೆಯೇ?

ಬಸ್ಸಿನವರ ಸುತ್ತಿಗೆ ಒಂದು ಕೊನೆ ಇದೆ. ಕಡೆಯ ಸೀಟಿನ ತನಕ ನಡೆದುಹೋಗಿ ಯಾವ ಮಗುವಾದರೂ ನಿದ್ದೆಹೋಗಿ ಉಳಿದಿದೆಯೇ ಅಂತ ನೋಡಬೇಕು. ಮಾರ್ಲಿಸ್ ಹಿಂದಿನ ಹಾಸಿಗೆಯ ತನಕ ಹೋದಳು, ಕೆಳಗೆ ಬಗ್ಗಿ ನೋಡಿದಳು. "ಯಾರೂ ಇಲ್ಲ." ಕಕ್ಕಸಿನ ಬಾಗಿಲು ತೆಗೆದಳು. "ಯಾರೂ ಇಲ್ಲ." ಆಮೇಲೆ ಮುಂದೆ ಬಂದು, ನಾನು ಹತ್ತದ ಏಣಿಯನ್ನು ಎಪ್ಪತ್ತೊಂದರ ಮುದುಕಿ ಮಂಗನ ಹಾಗೆ ಹತ್ತಿ, ಅಟ್ಟದ ಹಾಸಿಗೆಯ ಮೇಲೆ ಮಂಡಿಯೂರಿ ಮೂಲೆಗೆ ಕೈ ಚಾಚಿದಳು.

"ಎಡಮೂಲೆ," ಅಂದಳು. ಬೆರಳಿನಿಂದ ಒತ್ತಿ ನೋಡಿದಳು. "ಹಾಸಿಗೆ ಒದ್ದೆ. ಹಲಗೆ ಮೆತ್ತಗಿದೆ, ಬೆರಳು ಒತ್ತಿದ್ರೆ ಒಳಗೆ ಹೋಗ್ತಿದೆ. ಸರಿಯಿಲ್ಲ."

ಅವಳು ಮೇಲಿನಿಂದ ನನ್ನ ಕೈಯ ಪಟ್ಟಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಐವತ್ತೆಂಟನೆಯದರ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿಕೊಂಡೆ.

ಯೆಂಗ್ ಹೊರಗಿನಿಂದ ಏಣಿ ಹಾಕಿ ನೋಡಿದ. ಗಾಡಿಯ ಹಣೆಯ ಮೇಲೆ ಐದು ಸಣ್ಣ ಕಿತ್ತಳೆ ದೀಪ ಇರುತ್ತವಲ್ಲ, ಅದರಲ್ಲಿ ಎಡಗಡೆಯದಕ್ಕೆ ಕಾರ್ಖಾನೆಯಲ್ಲಿ ಸುತ್ತ ಅಂಟು ಹಾಕಲು ಮರೆತಿದ್ದರು. ಹಿಂದಿನ ವಾರದ ಮಳೆಯೆಲ್ಲ ಅಲ್ಲಿಂದ ಒಳಗೆ. ದೀಪ ಬಿಚ್ಚಿ, ಹಲಗೆ ಬದಲಿಸಿ, ಒಣಗಿಸಿ, ಅಂಟು ತುಂಬಬೇಕು ಅಂದ. ಉಳಿದ ಸಣ್ಣಪುಟ್ಟದ್ದನ್ನು ಅಲ್ಲೇ ನಿಂತು ಒಂದು ಗಂಟೆಯಲ್ಲಿ ಸರಿಮಾಡಿಬಿಟ್ಟ. ಆದರೆ ಹಲಗೆಯ ಕೆಲಸಕ್ಕೆ ಗಾಡಿ ಸಾಲಿನಲ್ಲಿ ಬರಬೇಕಂತೆ, ಅದು ಲೋವೆಲ್ ಹೇಳಬೇಕಾದ ಮಾತು.

ಲೋವೆಲ್ ಹೇಳಿದ, ಬಹಳ ನೊಂದುಕೊಂಡು. ಇವತ್ತು ರುಜು ಹಾಕಿ, ಗಾಡಿ ನಮ್ಮಲ್ಲೇ ಬಿಟ್ಟುಹೋಗಿ, ಸೆಪ್ಟೆಂಬರಿನ ಲೇಬರ್ ಡೇ ಕಳೆದ ಮೇಲೆ ಮೊದಲ ಕೆಲಸ ನಿಮ್ಮದೇ. ಹನ್ನೊಂದೇ ವಾರ. ಅಲ್ಲಿಯ ತನಕ ಅಣ್ಣನ ಮನೆ ಇದೆಯಲ್ಲ, ಅಂತ ನನ್ನ ಕಡೆ ನೋಡಿ ನಕ್ಕ. ಗಡಿಯಾರದಲ್ಲಿ ನಾಲ್ಕು ಗಂಟೆ. ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಹೇಳುವ ಹಾಗಿಲ್ಲ, ಅಲ್ಲೂ ಹೇಳುವ ಹಾಗಿರಲಿಲ್ಲ, ಮಾತು ಕೊಟ್ಟಿದ್ದೆ. ಮಾರ್ಲಿಸ್ ಪೆನ್ನಿಗೆ ಟೊಪ್ಪಿ ಹಾಕಿ ಮೇಜಿನ ಮೇಲಿಟ್ಟಳು.

"ಲೋವೆಲ್, ಬೆಳಿಗ್ಗೆ ಒಂದ್ ಮಾತು ಕೇಳಿದ್ರಿ. ರಾತ್ರಿ ಇಲ್ಲೇ ಇರ್ತೀರಾ ಅಂತ."

"ಹೌದು, ಕೇಳಿದ್ದೆ."

"ಎರಡು ಸಲ ಕೇಳಿದ್ರಿ."

ಲೋವೆಲ್‌ನ ಕೆಂಪು ಮುಖ ನಿಧಾನವಾಗಿ ಬಿಳಿಚಿತು. ಅವನೂ ನಮ್ಮವನೇ, ಮುಂದೆ ಏನು ಬರುತ್ತದೆ ಅಂತ ಗೊತ್ತಾಯಿತು. ಹನ್ನೆರಡು ಜನ ನೋಡುತ್ತಿದ್ದರು. ಸಾಲದ್ದಕ್ಕೆ ಅವನ ಕೈಯಲ್ಲಿ ಅವಳ ಚೌಕದ ಎಂಟನೇ ಒಂದು ಭಾಗ ಇತ್ತು.

"ಮೂರನೇ ಸಲ ಕೇಳಿ," ಅಂದಳು ಮಾರ್ಲಿಸ್, ಬಹಳ ಮೆತ್ತಗೆ.

ಅವನು ಕೇಳಿದ. "ಇಲ್ಲೇ ಇರ್ತೀರಾ, ಮಾರ್ಲಿಸ್?"

"ಅಷ್ಟೊಂದು ಹೇಳ್ತಿದ್ದೀರಿ ಅಂದ್ಮೇಲೆ ಹೇಗೆ ಬೇಡ ಅನ್ಲಿ. ಇರ್ತೀನಿ. ರುಜು ಮಾತ್ರ ಮಲಗೋ ಜಾಗ ಒಣಗಿದ್ಮೇಲೆ."

ಐದಕ್ಕೆ ಹಳೆಯ ಮನೆಯ ಬೀಗದ ಕೈ ಕೊಟ್ಟು, ನನ್ನ ಪಿಕಪ್ಪಿನಲ್ಲಿ ಅವಳ ಪೆಟ್ಟಿಗೆಗಳನ್ನೆಲ್ಲ ತಂದು ಗಾಡಿಗೆ ತುಂಬಿದೆವು. ಗಾಡಿ ನಿಂತಿದ್ದದ್ದು ಮೊದಲ ಸಾಲಿನ ನಟ್ಟನಡುವೆ, ಬಾವುಟದ ಕೆಳಗೆ, ಗೇಟಿನಿಂದ ಬಂದವರ ಕಣ್ಣು ಮೊದಲು ಬೀಳುವ ಜಾಗದಲ್ಲಿ. ಯಾರೂ ಅದನ್ನು ಹಿಂದಕ್ಕೆ ಒಯ್ಯುವ ಧೈರ್ಯ ಮಾಡಲಿಲ್ಲ. ಮನೆಯವರು ಒಳಗಿರುವಾಗ ಮನೆ ಎತ್ತಿಡುತ್ತಾರೆಯೇ?

ಶನಿವಾರ ಒಂಬತ್ತಕ್ಕೆ ನಾನು ಹೋಗುವಷ್ಟರಲ್ಲಿ ಅಲ್ಲೊಂದು ಸಂಸಾರವೇ ನಿಂತಿತ್ತು. ಕಿಟಕಿಗೆ ಅವಳದೇ ಚೆಕ್ಸ್ ಪರದೆ, ಗಾಡಿಯ ಪಕ್ಕಕ್ಕೆ ಚಾಚಿದ ನೆರಳಿನ ಬಟ್ಟೆಗೆ ಒಣಹಾಕಿದ ಪಾತ್ರೆ ಒರೆಸುವ ತುಂಡುಗಳು. ಹೊರಗೆ ನಾಲ್ಕು ಮಡಚುವ ಕುರ್ಚಿ, ಕಾಫಿಯ ದೊಡ್ಡ ಪಾತ್ರೆ. ಹೊಸ ಒಲೆಯಲ್ಲಿ ಹೊಸದಾಗಿ ಚೌಕ ಬೇಯಿಸಿದ್ದಳು, ಮನೆಗಾಡಿಯ ಎಲ್ಲ ಒಲೆಗಳ ಹಾಗೆ ಅದೂ ತಳ ಸೀಯಿಸಿತ್ತು. ಸೀದದ್ದನ್ನು ಕೆರೆದು ಸಕ್ಕರೆ ಉದುರಿಸಿ ಇಟ್ಟಿದ್ದಳು.

ಶನಿವಾರ ಅಂದರೆ ಗಿರಾಕಿಗಳ ದಿನ. ಗೇಟಿನಿಂದ ಬಂದವರೆಲ್ಲ ಮೊದಲು ಎಡವಿದ್ದು ಮಾರ್ಲಿಸಳ ಕಾಫಿಗೆ. ಕೂತರು. ಗಾಡಿ ಹೇಗಿದೆ ಅಂತ ಕೇಳಿದರು, ಯಾರಾದರೂ ಕೇಳುತ್ತಾರೆ. ಅವಳು ಒಂದು ಸುಳ್ಳು ಹೇಳಲಿಲ್ಲ, ಒಂದು ಕೆಟ್ಟ ಮಾತು ಆಡಲಿಲ್ಲ. ಚೆನ್ನಾಗಿದೆ, ಓಡಿಸುವುದಕ್ಕೆ ಹಗುರ, ಇಲ್ಲಿನ ಜನ ಬಂಗಾರದಂಥವರು, ಅಂದಳು. ಅದಾದ ಮೇಲೆ, "ಮೇಲಿನ ಎಡಮೂಲೆ ಒಂದು ಚೂರು ಒದ್ದೆ, ಅಷ್ಟೇ. ಲೇಬರ್ ಡೇ ಆದ್ಮೇಲೆ ನೋಡ್ತಾರಂತೆ. ಇನ್ನೊಂದು ಚೌಕ ತಗೊಳ್ಳಿ."

ಹತ್ತೂವರೆಗೆ ಫಾರ್ಗೋದಿಂದ ಬಂದ ಗಂಡ ಹೆಂಡತಿ ಪಕ್ಕದ ಗಾಡಿ ಹತ್ತಿದರು. ಏನು ನೋಡುತ್ತಾರೆ ಅಂತ ನಾನು ಕಿಟಕಿಯಿಂದ ಇಣುಕಿದೆ. ಅಡುಗೆಮನೆ ನೋಡಲಿಲ್ಲ, ಕಕ್ಕಸು ನೋಡಲಿಲ್ಲ. ನೇರವಾಗಿ ಏಣಿ ಹತ್ತಿ ಅಟ್ಟದ ಎಡಮೂಲೆಗೆ ಕೈ ಹಾಕಿದರು. ಅವರ ಹಿಂದೆ ಇನ್ನೊಂದು ಜೋಡಿ. ಹನ್ನೊಂದಕ್ಕೆ ಅಂಗಳದ ಅಷ್ಟೂ ಗಾಡಿಗಳ ಅಟ್ಟದಿಂದ ಕಾಲುಗಳು ಜೋತಾಡುತ್ತಿದ್ದವು. ಲೋವೆಲ್ ಆಫೀಸಿನ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ. ಮಾರ್ಲಿಸ್ ಅವನಿಗೆ ಕೈ ಬೀಸಿ, ಕಾಫಿ ಬೇಕಾ ಅಂತ ಸನ್ನೆ ಮಾಡಿದಳು.

ಹನ್ನೊಂದೂ ಕಾಲಿಗೆ ಯೆಂಗ್ ಏಣಿ ಹೊತ್ತುಕೊಂಡು ಬಂದ. ಸಾಲಿನಲ್ಲಿ ಮುಂದಿದ್ದವರ ಕೆಲಸ ಹಾಗೇ ಇರಲಿ, ಇದು ಅವನ ಊಟದ ಹೊತ್ತು, ಆಮೇಲೆ ಅವನ ರಜೆಯ ಮಧ್ಯಾಹ್ನ. ಅದಕ್ಕೆ ಲೋವೆಲ್ ಎರಡರಷ್ಟು ಕೂಲಿ ಕೊಡುತ್ತಾನಂತೆ. "ನೀವು ನಿನ್ನೆ ಹೇಳಿದ್ ದನಿ ಇತ್ತಲ್ಲ," ಅಂದ ಮಾರ್ಲಿಸ್‌ಗೆ, "ನನ್ನ ಶಾಲೆ ಬಸ್ಸಿನೋರು ಹಾಗೇ ಹೇಳ್ತಿದ್ರು. ನಾನು ಕಡೇ ಸೀಟಲ್ಲಿ ನಿದ್ದೆ ಮಾಡ್ತಿದ್ದೆ." ಅವಳು ಅವನಿಗೆ ಸೀಯದ ಚೌಕ ಹುಡುಕಿ ಕೊಟ್ಟಳು. ದೀಪ ಬಿಚ್ಚಿದ, ನೆನೆದ ಹಲಗೆ ಕಿತ್ತ, ಹೊಸ ಹಲಗೆ ಕೂರಿಸಿ ಅಂಟು ತುಂಬಿದ, ಬೀಸಣಿಗೆ ಹಚ್ಚಿಟ್ಟ. ಭಾನುವಾರ ಅಂಗಡಿಗೆ ರಜ, ಅಂಗಳದಲ್ಲಿ ಮಾರ್ಲಿಸ್ ಮತ್ತು ಬಾವುಟ ಇಬ್ಬರೇ. ನಾನು ಕಾಫಿ ಕುಡಿಯಲು ಹೋಗಿದ್ದಾಗ, ಕೆರೆಗೆ ನೀನೂ ಒಂದು ವಾರ ಬಾ ಅಂದಳು. ಬೇಡ, ನನ್ನ ಎಂಜಿನ್‌ಗಳನ್ನು ಯಾರು ನೋಡುತ್ತಾರೆ, ಅಂದೆ. ಬಾರೋ ಅಂದಳು. ಬೇಡ ಅಂದೆ. ಅಷ್ಟಕ್ಕೇ ಬಿಟ್ಟಳು.

ಸೋಮವಾರ ಯೆಂಗ್ ಎರಡು ಗಂಟೆ ಹೊತ್ತು ಪೈಪಿನಿಂದ ಗಾಡಿಯ ಹಣೆಗೆ ನೀರು ಬಿಟ್ಟ. ಮಾರ್ಲಿಸ್ ಅಷ್ಟೂ ಹೊತ್ತು ಅಟ್ಟದಲ್ಲಿ ಮಲಗಿಕೊಂಡು ಅಂಗೈಯನ್ನು ಮೂಲೆಗೆ ಒತ್ತಿ ಹಿಡಿದಿದ್ದಳು. ಇಳಿದು ಬಂದು, "ಎಡಮೂಲೆ ಒಣ. ಸರಿ ಇದೆ," ಅಂದಳು. ಆಫೀಸಿಗೆ ಹೋಗಿ ರುಜು ಹಾಕಿದಳು. ಗಂಟೆ ಬಾರಿಸಿದರು. ರಟ್ಟಿನ ಬೀಗದ ಕೈ ಹಿಡಿದು ಫೋಟೋ ತೆಗೆಸಿಕೊಂಡಳು. ಚಪ್ಪಾಳೆ ತಟ್ಟಿದವರಲ್ಲಿ ಎಲ್ಲರಿಗಿಂತ ಜೋರು ಲೋವೆಲ್‌ನದು, ಹಲ್ಲುನೋವು ನಿಂತವನ ಚಪ್ಪಾಳೆ ಅದು.

ಮೇಜಿನ ಮೇಲೆ ಶುಕ್ರವಾರದ ತಟ್ಟೆ ಇನ್ನೂ ಇತ್ತು. ಅದರಲ್ಲಿ ಕೊನೆಯ ಚೌಕದ ಕೊನೆಯ ಚೂರು, ಹೆಬ್ಬೆರಳ ಉಗುರಿನಷ್ಟು, ಕಲ್ಲಿನಂತೆ ಒಣಗಿತ್ತು. ಮೂರು ದಿನ ಹನ್ನೆರಡು ಜನ ಅದನ್ನು ಸುತ್ತಿ ಬಳಸಿ ಓಡಾಡಿದ್ದರು. ಮಾರ್ಲಿಸ್ ತಟ್ಟೆ ಎತ್ತಿಕೊಳ್ಳುವಾಗ ಅದನ್ನು ಎರಡು ಬೆರಳಲ್ಲಿ ಹಿಡಿದು, ಎಲ್ಲರೂ ನೋಡುತ್ತಿರುವಂತೆಯೇ, ಬಾಯಿಗೆ ಹಾಕಿಕೊಂಡು ಕಟುಂ ಅಂತ ಕಡಿದಳು. ಗಂಟೆಯ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ನಮ್ಮ ವಂಶದಲ್ಲಿ ಹಾಗೆ ಮಾಡಿದವರನ್ನು ನಾನು ನೋಡಿರಲಿಲ್ಲ.

ಅಂಗಳದ ಆಚೆ ರೈಲಿನ ಹಳಿ ಇದೆ. ಅವಳು ಮುಂದೆ, ನಾನು ಪಿಕಪ್ಪಿನಲ್ಲಿ ಹಿಂದೆ. ಹಳಿ ಬಂದಾಗ ಮಾರ್ಲಿಸ್ ಗಾಡಿ ನಿಲ್ಲಿಸಿ, ಕಿಟಕಿ ಇಳಿಸಿ, ಬಾಗಿಲು ತೆಗೆದು ಎರಡೂ ಕಡೆ ಕಿವಿಗೊಟ್ಟಳು. ಶಾಲೆ ಬಸ್ಸಿನವರು ಹಾಗೇ ಮಾಡಬೇಕು. ಇದು ಬಸ್ಸಲ್ಲ ಅಂತ ಅವಳಿಗೆ ಯಾರು ಹೇಳಬೇಕು? ನನ್ನ ಹಿಂದೆ ಹತ್ತು ಹನ್ನೊಂದು ಕಾರು ಸಾಲುಗಟ್ಟಿದವು. ನಮ್ಮ ಕಡೆ ಯಾರೂ ಹಾರ್ನ್ ಹೊಡೆಯುವುದಿಲ್ಲ, ಎಲ್ಲರೂ ಸುಮ್ಮನೆ ಕೂತು ಬಾರದ ರೈಲಿಗೆ ಕಾದರು. ಅವಳು ಬಾಗಿಲಿನಿಂದ ಅರ್ಧ ದೇಹ ಹೊರಹಾಕಿ ಹಿಂದೆ ತಿರುಗಿದಳು.

"ಬರ್ತೀಯೇನೋ ಆರ್ವಿಡ್, ಕೆರೆಗೆ?"

ಮೂರನೇ ಸಲ. ಹನ್ನೊಂದು ಕಾರಿನವರು ಸಾಕ್ಷಿ. ಇನ್ನು ಬೇಡ ಅನ್ನುವ ಹಾಗಿರಲಿಲ್ಲ.

"ಮಲಗೋದು ಎಲ್ಲೇ?" ಅಂತ ಕೂಗಿದೆ.

"ಅಟ್ಟದ ಮೇಲೆ, ಎಡಮೂಲೆಗೆ ತಲೆ ಹಾಕಿ. ವಾರವೆಲ್ಲ ಮಳೆಯಂತೆ. ನೀನು ಟಿಕ್ ಹಾಕಿದ್ ಜಾಗ ತಾನೇ, ನಿಂಗೇನು ಭಯ?"

ಐದು ದಿನ ಮಳೆ ಹೊಯ್ಯಿತು. ಪ್ರತಿ ಸಂಜೆ ಆ ಏಣಿ ಹತ್ತುವಾಗ ನನ್ನ ಮಂಡಿ ಒಂದೊಂದು ಮೆಟ್ಟಿಲಿಗೂ ಒಂದೊಂದು ದೇವರ ಹೆಸರು ಕರೆಯಿತು. ಕೆಳಗಿನಿಂದ ಅವಳು, ಹೇಳು, ಗಟ್ಟಿಯಾಗಿ ಹೇಳು, ಅನ್ನುವಳು. ನಾನು ಮೂಲೆಗೆ ಕೈ ಇಟ್ಟು ಒಣ ಇದೆ ಅನ್ನುವೆ. ಶನಿವಾರ ಬೆಳಿಗ್ಗೆ ಕೆಳಗಿಳಿದು ಪಟ್ಟಿ ತೆಗೆದು, ಐವತ್ತೆಂಟನೆಯದರ ಮುಂದಿನ ಹಳೆಯ ಟಿಕ್ಕನ್ನು ಅಳಿಸಿ ಹೊಸದಾಗಿ ಹಾಕಿದೆ. ಅವಳು ನೋಡಿ, ಅಷ್ಟೇನೂ ಕೆಟ್ಟದಾಗಿಲ್ಲ ಅಂದಳು.